ಶ್ರುತಿ ಇಳಿಸಿ ಹಾಡಿದ ಅಕ್ಕ

ಅಕ್ಕ ವೇದಿಕೆಯ ಮೇಲೆ ಹಾಡುವುದನ್ನು ಈ ವರ್ಷ ನಿಲ್ಲಿಸಿದರು. ಚಿತ್ರದುರ್ಗದಲ್ಲಿ ಒಂದು ಸನ್ಮಾನ ಇಟ್ಟುಕೊಳ್ಳೋಣವೆಂದು ನಾವು ವಾದ್ಯದವರೆಲ್ಲ ಕೂಡಿ ಹಿರಿಯೂರಿನ ಅವರ ಮನೆಗೆ ಹೋಗಿದ್ದೆವು. ಕೂರಿಸಿ ಟೀ ಕೊಟ್ಟರು. ನಮ್ಮ ಮಾತನ್ನೆಲ್ಲ ಕೇಳಿ, "ಸ್ಟೇಜ್ ಮ್ಯಾಲೆ ನನ್ನ ಕೂರ್ಸಿ ನೀವೆಲ್ಲ ಭಾಷಣ ಮಾಡ್ತೀರಿ. ನಂಗೆ ನಿದ್ದೆ ಬರ್ತೈತೆ. ಹಾರ ಹಾಕ್ಕಂಡು ತೂಕಡ್ಸಿದ್ರೆ ಫೋಟೋದಾಗೆ ಚೆಂದ ಕಾಣಲ್ಲ" ಅಂದರು. ಸನ್ಮಾನದ ಮಾತು ಅಲ್ಲಿಗೇ ಮುಗಿಯಿತು.

ಅವರು ಮಾಡಗೊಡದ ಭಾಷಣದ ಬದಲಿಗೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಕೂಡದೆಂಬುದು ಅವರ ಷರತ್ತು. "ಅಕ್ಕ ಅಂತ ಬರಿ. ಗೊತ್ತಿರೋರಿಗೆ ಗೊತ್ತಾಗ್ತೈತೆ" ಅಂದಿದ್ದಾರೆ. ಅದೂ ನಿಜವೇ. ನಮ್ಮ ಜಿಲ್ಲೆಯಲ್ಲಿ ಮದುವೆ ಆರತಕ್ಷತೆಗಳಿಗೆ ಹೋಗಿ ಬಂದವರಲ್ಲಿ ಅವರ ದನಿ ಕೇಳದವರು ಕಡಿಮೆ.

ನಾನು ಕೀಬೋರ್ಡ್ ನುಡಿಸುವವನು. ಊರು ಹೊಸದುರ್ಗ. ಚಿಕ್ಕಂದಿನಲ್ಲಿ ಒಬ್ಬ ಗುರುಗಳ ಹತ್ತಿರ ಹಾರ್ಮೋನಿಯಂ ಕಲಿತಿದ್ದೆ. ಸಂಗೀತ ಕಚೇರಿಗಳಲ್ಲಿ ದೊಡ್ಡ ಗಾಯಕರಿಗೆ ಸಾಥ್ ಕೊಡುವ ಕನಸಿತ್ತು. ಅಂಥ ಗಾಯಕರು ಯಾರೂ ಕರೆಯಲಿಲ್ಲವಾದ್ದರಿಂದ ಹೊಳಲ್ಕೆರೆಯವರೊಬ್ಬರು ನಡೆಸುತ್ತಿದ್ದ ಆರ್ಕೆಸ್ಟ್ರಾ ಸೇರಿದೆ. ಅವರು ತಾವೇ ಡ್ರಮ್ಸ್ ನುಡಿಸುತ್ತಿದ್ದರು, ತಾವೇ ಬುಕಿಂಗ್ ಹಿಡಿಯುತ್ತಿದ್ದರು. ನಾವು ಅವರನ್ನು ಯಜಮಾನರು ಎನ್ನುತ್ತಿದ್ದೆವು.

ಅದೊಂದು ದಿನ ಹಿರಿಯೂರಿನ ಕಲ್ಯಾಣ ಮಂಟಪವೊಂದರಲ್ಲಿ ಆರತಕ್ಷತೆ. ನಮ್ಮ ಗಾಯಕಿಗೆ ಜ್ವರ ಬಂದು, ಬರುವುದಿಲ್ಲವೆಂದು ಮಧ್ಯಾಹ್ನ ಫೋನ್ ಮಾಡಿದಳು. ಯಜಮಾನರು ತಲೆ ಮೇಲೆ ಕೈಹೊತ್ತುಕೊಂಡೇ ಬಸ್ ಸ್ಟ್ಯಾಂಡ್ ಹತ್ತಿರದ ಟೈಲರ್ ಅಂಗಡಿಗೆ ಹೋದರು, ಹೊಲಿಯಲು ಕೊಟ್ಟಿದ್ದ ಅಂಗಿ ತರಲಿಕ್ಕೆ. ಅಲ್ಲಿ ಒಬ್ಬ ಹೆಂಗಸು ಮಿಷನ್ ತುಳಿಯುತ್ತ ರೇಡಿಯೋದ ಹಾಡಿನ ಜೊತೆಗೆ ತಾನೂ ಹಾಡುತ್ತಿದ್ದರು. ಯಜಮಾನರು ಅಂಗಿ ಮರೆತು ನಿಂತು ಕೇಳಿದರಂತೆ.

"ಅಮ್ಮಾ, ಸಂಜೆ ಮೈಕಿನಾಗೆ ಹಾಡ್ತೀರೇನ್ರಿ? ಮದುವೆ ಮನೆ."

"ಹಾಡ್ತೀನಿ. ಈ ಬ್ಲೌಸಿಗೆ ಹುಕ್ ಹಚ್ಚಿ ಬರ್ತೀನಿ ತಡೀರಿ. ಇದೂ ಅದೇ ಮದುವೆದೇ."

ಹಾಗೆ ಅಕ್ಕ ನಮ್ಮಲ್ಲಿಗೆ ಬಂದರು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು, ತೆಗೆಯಲು ಮರೆತಿದ್ದರು. ನಾನು ಸ್ವಲ್ಪ ಗತ್ತಿನಲ್ಲೇ "ನಿಮ್ಮ ಶ್ರುತಿ ಯಾವುದು?" ಎಂದು ಕೇಳಿದೆ. "ಅದೇನೋ ನಂಗೊತ್ತಿಲ್ಲಪ್ಪ. ನೀನು ಬಾರ್ಸು, ನಾನು ಹಿಡ್ಕಂತೀನಿ" ಅಂದರು. ಆಮೇಲೆ ಕಾಣೆಯಾದರು. ಕಾರ್ಯಕ್ರಮ ಶುರುವಾಗುವ ಹೊತ್ತಾದರೂ ಪತ್ತೆಯಿಲ್ಲ. ಹುಡುಕಿಕೊಂಡು ಹೋದರೆ ಊಟದ ಹಾಲಿನಲ್ಲಿ ಯಾರೋ ಮುದುಕರ ಪಕ್ಕ ನಿಂತು, ಅವರು ಯಾಕೆ ಹೋಳಿಗೆ ಬೇಡವೆಂದರೆಂದು ವಿಚಾರಿಸುತ್ತಿದ್ದರು.

ನನಗೆ ಆ ದಿನಗಳಲ್ಲಿ ವೇದಿಕೆ ಹತ್ತುವ ಮುನ್ನ ಕೈ ತಣ್ಣಗಾಗುತ್ತಿತ್ತು. ಮೊದಲ ಸಲ ಮೈಕು ಹಿಡಿಯುವ ಈ ಹೆಂಗಸಿಗೆ ಭಯವೇ ಇಲ್ಲವಲ್ಲ ಎಂದು ಕೇಳಿದೆ.

"ಭಯ ಯಾಕಿಲ್ಲ? ಇತ್ತು. ಅದಕ್ಕೇ ಒಳಗೆ ಹೋಗಿ ಮಾತಾಡ್ಸಿಕೊಂಡು ಬಂದೆ. ಗುರುತಿಲ್ದೋರ ಮುಂದೆ ಹಾಡಕ್ಕೆ ನಂಗೂ ಹೆದ್ರಿಕೆ ಕಣಪ್ಪ. ಈಗ ಅವರು ಗುರುತಾದ್ರು."

ಅಂದು ಎರಡನೆಯ ಹಾಡಿಗೆ ಮೊದಲು ಮೈಕಿನಲ್ಲಿ, "ಸಕ್ಕರೆ ಕಾಯಿಲೆ ಅಂತ ಹೋಳಿಗೆ ಬಿಟ್ಟು, ಕದ್ದು ಎರಡು ಲಾಡು ತಿಂದ ಮಾವನೋರು ಅಲ್ಲಿ ಕುಂತವರೆ. ಈ ಹಾಡು ಅವರಿಗೆ" ಅಂದರು. ಮಂಟಪವಿಡೀ ತಿರುಗಿ ನೋಡಿ ನಕ್ಕಿತು. ಮುದುಕರ ಹೆಂಡತಿ ಮಾತ್ರ ನಗಲಿಲ್ಲ. ಅಲ್ಲಿಂದ ಮುಂದೆ ಅಕ್ಕ ಏನು ಹಾಡಿದರೂ ಜನ ಕೇಳಿದರು. ಆಮೇಲಿನ ವರ್ಷಗಳಲ್ಲಿ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಒಬ್ಬರಿಗೆ ನಮಸ್ಕಾರ, ಇನ್ನೊಬ್ಬರಿಗೆ ಯಾವೂರು ಎಂಬ ಪ್ರಶ್ನೆ. ನನ್ನ ಕೈ ಬೆಚ್ಚಗಾಗಿದ್ದು ಹಾಗೆ.

ಅಕ್ಕ ಹುಟ್ಟಿದ್ದು ಧರ್ಮಪುರದ ಕಡೆಯ ಒಂದು ಹಳ್ಳಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಮದುವೆಯಾಗಿ ಹಿರಿಯೂರಿಗೆ ಬಂದವರು. ಗಂಡ ತೆಂಗಿನಕಾಯಿ ಮಂಡಿಯಲ್ಲಿ ಕೆಲಸಕ್ಕಿದ್ದರು, ಬಹಳ ಮೆತ್ತಗಿನ ಮನುಷ್ಯ. ಹೆಂಡತಿ ಆರ್ಕೆಸ್ಟ್ರಾದಲ್ಲಿ ಹಾಡುವುದಕ್ಕೆ ನೆಂಟರು ಮೂಗು ಮುರಿದರು. ಆಗ ಅಕ್ಕ ಜಗಳಕ್ಕೆ ಹೋಗಲಿಲ್ಲ, ಗಂಡನನ್ನೇ ಕಾರ್ಯಕ್ರಮಕ್ಕೆ ಕರೆತಂದರು. ಅವರು ಸ್ಪೀಕರಿನ ಹಿಂದೆ ಕುರ್ಚಿ ಹಾಕಿಕೊಂಡು ಕುಂತರು. ನಾಲ್ಕನೆಯ ಹಾಡಿಗೆಲ್ಲ ಗಾಢ ನಿದ್ದೆ. ಅಷ್ಟು ಸದ್ದಿನ ಹಿಂದೆ ಹಾಗೆ ಮಲಗಬಲ್ಲ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ನೆಂಟರು ಕೇಳಿದಾಗ ಅವರು ಹೇಳುತ್ತಿದ್ದ ಉತ್ತರ ಒಂದೇ: "ನಾನು ಅಲ್ಲೇ ಇರ್ತೀನಿ ಬಿಡ್ರಿ, ಎಲ್ಲಾ ನೋಡೀನಿ."

ಅಕ್ಕನಿಗೆ ಕೆಲವು ನೇಮಗಳಿದ್ದವು. ಕಾರ್ಯಕ್ರಮ ಮುಗಿಸಿ ವಾಪಸಾಗುವಾಗ ಟೆಂಪೋದಲ್ಲಿ ಯಾರ ತಪ್ಪನ್ನೂ ಎತ್ತಿ ಆಡಕೂಡದು. ಮಂಡಕ್ಕಿ ತಿನ್ನಬಹುದು, ಮಲಗಬಹುದು. ತಪ್ಪಿನ ವಿಚಾರವೆಲ್ಲ ಮುಂದಿನ ಅಭ್ಯಾಸದ ದಿನಕ್ಕೆ. ಒಮ್ಮೆ ನಾನು ಹಾಡನ್ನು ಮೂರು ಮನೆ, ಅಂದರೆ ಕೀಬೋರ್ಡಿನ ಮೂರು ಕೀ, ಎತ್ತರದಲ್ಲಿ ಎತ್ತಿಕೊಂಡುಬಿಟ್ಟೆ. ಅಕ್ಕ ನನ್ನ ಕಡೆ ನೋಡದೆ, ಮುಖ ಕಿವುಚದೆ, ಅದೇ ಎತ್ತರದಲ್ಲಿ ಕೊನೆಯವರೆಗೂ ಹಾಡಿದರು. ದಾರಿಯುದ್ದಕ್ಕೂ ನಾನು ಬೈಗುಳಕ್ಕೆ ಕಾಯುತ್ತಾ ಕುಳಿತಿದ್ದೆ. ಅವರು ನನ್ನ ಕೈಗೆ ಮಂಡಕ್ಕಿಯ ಪೊಟ್ಟಣ ಕೊಟ್ಟು ಕಿಟಕಿಗೆ ತಲೆಯಾನಿಸಿ ಮಲಗಿದರು. ಎರಡು ದಿನದ ಮೇಲೆ ಅಭ್ಯಾಸದಲ್ಲಿ, "ಮೊನ್ನೆ ನೀನು ಅಟ್ಟದ ಮ್ಯಾಲೆ ಇಟ್ಟಿದ್ದೆ. ಏಣಿ ಹಾಕ್ಕಂಡು ಹತ್ತಿದೆ ಮಾರಾಯ. ಇವತ್ತು ನೋಡ್ಕಂಡು ಬಾರ್ಸು" ಅಂದರು, ಅಷ್ಟೇ. ಮತ್ತೆ ನಾನು ಆ ತಪ್ಪು ಮಾಡಿಲ್ಲ.

ಮದುವೆ ಮನೆಯ ಸಂಗೀತವೆಂದರೆ ನನಗೆ ಒಳಗೊಳಗೇ ಅಸಡ್ಡೆ. ಜನ ಊಟ ಮಾಡುತ್ತಾ, ಸೀರೆ ನೋಡುತ್ತಾ, ಮಕ್ಕಳನ್ನು ಗದರುತ್ತಾ ಕೇಳುವ ಹಾಡು ಅದು. ಒಮ್ಮೆ ಅಕ್ಕನ ಮುಂದೆ ಅಂದೇಬಿಟ್ಟೆ, ಇವರಿಗೆ ಯಾಕೆ ಚೆನ್ನಾಗಿ ನುಡಿಸಬೇಕು ಎಂದು. ಅವರು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, "ನಾನು ಬ್ಲೌಸ್ ಹೊಲಿಯೋವಾಗ ಒಳಗಿನ ಹೊಲಿಗೆ ಯಾರೂ ನೋಡ್ತಿರಲಿಲ್ಲ. ಅದು ಬಿಟ್ಟೋದ್ರೆ ಮಾತ್ರ ಎಲ್ಲಾರಿಗೂ ಕಾಣಿಸ್ತಿತ್ತು" ಅಂದರು.

ಟಿ.ವಿ.ಯವರ ಹಾಡಿನ ಸ್ಪರ್ಧೆಗೆ ಆಯ್ಕೆ ನಡೆಯುತ್ತದೆಂದು ತಿಳಿದು ಅಕ್ಕ ದಾವಣಗೆರೆಗೆ ಹೋಗಿದ್ದರು. ಇಡೀ ದಿನ ಸಾಲಿನಲ್ಲಿ ನಿಂತು ಮೊದಲ ಸುತ್ತು ದಾಟಿದರು, ಎರಡನೆಯದರಲ್ಲಿ ಬಿದ್ದರು. ಮರುದಿನ ಅಭ್ಯಾಸಕ್ಕೆ ಬಂದಾಗ ನಾವೆಲ್ಲ ಸಾವಿನ ಮನೆಯವರ ಹಾಗೆ ಮುಖ ಮಾಡಿಕೊಂಡು ಕುಳಿತಿದ್ದೆವು. ಅಕ್ಕ ನಗುತ್ತಾ ಒಳಗೆ ಬಂದರು.

"ಏನಂದ್ರು ಅಕ್ಕಾ?"

"ಬಾಳ ಅಂದ್ರು. ವಯಸ್ಸಾತು ಅಂದ್ರು, ಉಚ್ಚಾರ ಹಳ್ಳೀದು ಅಂದ್ರು. ಉಸಿರು ತಪ್ಪಿದ ಜಾಗದಾಗೆ ತಗಂತೀರಿ ಅಂತನೂ ಒಬ್ಬರು ಅಂದ್ರು. ಆ ಉಸಿರಿನ ಮಾತು ನಿಜ ಕಣೋ. ಅದೊಂದು ತಗಂಡು ಬಂದೀನಿ. ಉಳಿದಿದ್ದು ಅಲ್ಲೇ ಬಿಟ್ಟು ಬಂದೆ. ವಯಸ್ಸು ಕಮ್ಮಿ ಮಾಡ್ಕಳಕ್ಕೆ ನನ್ನ ಕೈಯಾಗೆ ಆಗ್ತೈತಾ?"

ಅಂದಿನಿಂದ ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದು ಉಸಿರಿನ ಸಾಧನೆ ಮಾಡಿದರು. ನನ್ನ ಗುರುಗಳ ವಿಳಾಸ ಕೇಳಿಕೊಂಡು ಹೊಸದುರ್ಗಕ್ಕೆ ಬಸ್ಸಿನಲ್ಲಿ ಹೋಗಿ, ಆ ವಯಸ್ಸಿನಲ್ಲಿ ಮಕ್ಕಳ ಹಾಗೆ ಸರಳೆ ವರಸೆಯಿಂದ ಶುರುಮಾಡಿ ಪಾಠ ಹೇಳಿಸಿಕೊಂಡರು. ಗುರುಗಳು ಒಮ್ಮೆ ನನ್ನನ್ನು ಕರೆದು, "ನೀನು ಇಷ್ಟು ವರ್ಷ ಬಂದು ಕೇಳದೇ ಇದ್ದ ಪ್ರಶ್ನೆ ಈಯಮ್ಮ ಬಂದ ವಾರದಾಗೇ ಕೇಳಿದ್ಲು ನೋಡು" ಅಂದರು. ಯಾವ ಪ್ರಶ್ನೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಮ್ಮ ಆರ್ಕೆಸ್ಟ್ರಾ ಬೆಳೆಯಿತು. ದಾವಣಗೆರೆ, ತುಮಕೂರು, ಆಂಧ್ರದ ಗಡಿಯ ಊರುಗಳಿಂದಲೂ ಕರೆಗಳು ಬರತೊಡಗಿದವು. ಅಕ್ಕನ ಹೆಚ್ಚುಗಾರಿಕೆ ಮೇಲಿನ ಸ್ವರಗಳದ್ದು. ಬೆಟ್ಟದಿಂದ ಬೆಟ್ಟಕ್ಕೆ ಕುರಿ ಕರೆದ ಗಂಟಲು ಅದು. ತಾರಸ್ಥಾಯಿಗೆ ಹೋದರೆ ಮಂಟಪದ ಹೊರಗೆ ಚಪ್ಪಲಿ ಕಾಯುವವನೂ ತಲೆಯೆತ್ತುತ್ತಿದ್ದ. ಮಾರಿಕಣಿವೆ ಜಲಾಶಯ ತುಂಬಿ ಕೋಡಿ ಬಿದ್ದ ವರ್ಷವಿರಬೇಕು, ಹಿರಿಯೂರಿನ ಕಡೆ ಜನರಿಗೆಲ್ಲ ಹಬ್ಬದ ಹುರುಪು, ನಮಗೆ ಬಿಡುವೇ ಇಲ್ಲ. ದಿನಾ ಒಂದೊಂದು ಊರು. ಅದರ ಜೊತೆಗೆ ಬೆಂಗಳೂರಿನ ಸ್ಟುಡಿಯೋದವರೊಬ್ಬರು ಅಕ್ಕನ ಹಾಡುಗಳನ್ನು ರೆಕಾರ್ಡ್ ಮಾಡುವುದಾಗಿ ಹೇಳಿ ದಿನವನ್ನೂ ಗೊತ್ತು ಮಾಡಿದ್ದರು.

ಆಗಲೇ ದನಿ ಒಡೆಯಿತು. ಮೊದಲು ನೆಗಡಿ ಎಂದುಕೊಂಡರು. ಕಷಾಯ ಕುಡಿದು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಹಾಡಿದರು. ಚಳ್ಳಕೆರೆಯ ಒಂದು ಕಾರ್ಯಕ್ರಮದಲ್ಲಿ ಮೇಲಿನ ಸ್ವರಕ್ಕೆ ಹೋದಾಗ ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಯಜಮಾನರು ಡ್ರಮ್ಸ್ ಜೋರು ಮಾಡಿ ಮುಚ್ಚಿಹಾಕಿದರು. ದಾವಣಗೆರೆಯ ಡಾಕ್ಟರು ನೋಡಿ, ದನಿ ಹೊರಡುವ ತಂತುಗಳ ಮೇಲೆ ಗಂಟುಗಳಾಗಿವೆ ಎಂದರು. ಸಣ್ಣದೊಂದು ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಹಾಡುವುದಿರಲಿ, ಬಹಳ ದಿನ ಮಾತನ್ನೂ ಆಡಕೂಡದೆಂದು ಅಪ್ಪಣೆಯಾಯಿತು. ಸ್ಟುಡಿಯೋದ ದಿನ ಕೈತಪ್ಪಿಹೋಯಿತು. ಅವರು ಮತ್ತೆ ಫೋನ್ ಮಾಡಲಿಲ್ಲ.

ಅಕ್ಕನ ಗಂಡ ಒಂದು ದಿನ ನನಗೆ ಫೋನ್ ಮಾಡಿ, "ಒಂದೀಟು ಮನೆ ಕಡೆ ಬಾರಪ್ಪ. ಮನೆ ಬಾಳ ತಣ್ಣಗೈತೆ. ನಂಗೆ ನಿದ್ದೆನೇ ಬರ್ತಿಲ್ಲ" ಅಂದರು. ಹೋದೆ. ಅಕ್ಕ ಮಿಷನ್ ಮುಂದೆ ಕುಳಿತಿದ್ದರು, ಹೊಲಿಯುತ್ತಿರಲಿಲ್ಲ. ನನ್ನನ್ನು ನೋಡಿ ನಕ್ಕರು. ಕಣ್ಣು ಊದಿಕೊಂಡಿದ್ದವು. ನಾನು ಏನೇನೋ ಸಮಾಧಾನ ಹೇಳಿದೆ. ಅವರು ಸಾಕೆಂಬಂತೆ ಕೈ ಎತ್ತಿದರು. ಆಮೇಲೆ ಮುಂದಿನ ಕಾರ್ಯಕ್ರಮ ಯಾವತ್ತು ಎಂದು ಸನ್ನೆಯಲ್ಲಿ ಕೇಳಿದರು.

ಆ ಕಾರ್ಯಕ್ರಮಕ್ಕೆ ಬಂದೇಬಿಟ್ಟರು. ಯಜಮಾನರು ದಾವಣಗೆರೆಯಿಂದ ಹೊಸ ಹುಡುಗಿಯೊಬ್ಬಳನ್ನು ಹಾಡಲು ಕರೆಸಿದ್ದರು. ಅಕ್ಕ ಅವಳ ಹೂವು ಸರಿಮಾಡಿ, ವೇದಿಕೆಯ ಎದುರಿಗೆ ಸೌಂಡ್ ಮಿಕ್ಸರ್ ಹತ್ತಿರ ಹೋಗಿ ಕುಳಿತರು. ಅವಳು ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ತಾವು ದೂರದಿಂದ ಭುಜ ಎತ್ತಿ ತೋರಿಸುತ್ತಿದ್ದರು. ಹೀಗೆ ಮೌನದ ಆ ತಿಂಗಳುಗಳಲ್ಲಿ ಒಂದು ಕಾರ್ಯಕ್ರಮವನ್ನೂ ತಪ್ಪಿಸಲಿಲ್ಲ. ನಮ್ಮ ಸದ್ದು ಹೊರಗಿನವರಿಗೆ ಹೇಗೆ ಕೇಳುತ್ತದೆಂದು ಆಗಲೇ ತಮಗೆ ಗೊತ್ತಾದದ್ದು ಎಂದು ಆಮೇಲೆ ಹೇಳಿದರು. ಯಜಮಾನರ ಡ್ರಮ್ಸ್ ವಿಪರೀತ ಜೋರು ಎಂಬುದೂ ಆಗಲೇ ಪತ್ತೆಯಾಯಿತು. ಬಾಯಿ ಬಂದ ಮೇಲೆ ಅವರು ಆಡಿದ ಮೊದಲ ಮಾತುಗಳಲ್ಲಿ ಅದೂ ಒಂದು: "ಅಣ್ಣಾ, ಒಂಚೂರು ಮೆಲ್ಲಗೆ ಬಡೀರಿ. ಅದೂ ಚರ್ಮನೇ."

ಡಾಕ್ಟರು ಹಾಡಬಹುದೆಂದ ದಿನ ಚಿತ್ರದುರ್ಗದ ನಮ್ಮ ಅಭ್ಯಾಸದ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಅಕ್ಕ ತಮ್ಮ ಇಷ್ಟದ ಹಾಡನ್ನೇ ಎತ್ತಿಕೊಂಡರು. ಕೆಳಗಿನ ಸಾಲುಗಳು ಬಂದವು. ಮೇಲೆ ಹೋದಾಗ ದನಿ ಸೀಳಿತು. ಮತ್ತೊಮ್ಮೆ ನೋಡಿದರು, ಮತ್ತೆ ಸೀಳಿತು. ಅಕ್ಕ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರು. ಯಜಮಾನರು ನನ್ನ ಕಡೆ ನೋಡಿ, "ಮುಗೀತೇನಪ್ಪ?" ಎಂದು ಮೆಲ್ಲಗೆ ಕೇಳಿದರು. ಅಕ್ಕ ಇಲ್ಲದೆ ಆರ್ಕೆಸ್ಟ್ರಾ ನಡೆಸುವ ಮನಸ್ಸು ಅವರಿಗಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅಕ್ಕ ಒಳಗೆ ಬಂದರು. ಮುಖ ತೊಳೆದುಕೊಂಡಿದ್ದರು.

"ಮ್ಯಾಲಿನ ಮನೆ ಖಾಲಿಯಾತು ಕಣೋ" ಅಂದರು ನನಗೆ. "ಕೆಳಗಿನ ಮನೆ ಇನ್ನೂ ಚೆನ್ನಾಗೈತೆ. ಅಲ್ಲೇ ಇರಾಣ. ಇಳಿಸು."

"ಎಷ್ಟು ಇಳಿಸ್ಲಿ ಅಕ್ಕಾ?"

"ನಾನು ಸಾಕು ಅನ್ನೋ ಗಂಟ ಇಳಿಸು."

ಒಂದೊಂದೇ ಮನೆ ಇಳಿಸುತ್ತಾ ಹೋದೆ. ಗಂಡಸರು ಹಾಡುವ ಶ್ರುತಿಯ ಹತ್ತಿರಕ್ಕೆ ಬಂದು ಅವರು ನಿಂತರು. ಅಲ್ಲಿ ಅವರ ದನಿ ಬೇರೆಯೇ ಆಗಿತ್ತು. ದಪ್ಪ, ಸ್ವಲ್ಪ ಒರಟು, ಬೆಚ್ಚಗೆ. ಇಷ್ಟು ವರ್ಷ ಅದನ್ನು ನಾವು ಯಾರೂ ಕೇಳಿಯೇ ಇರಲಿಲ್ಲ. ಆ ದನಿಗೆ ಹಳೆಯ ಹಾಡುಗಳು ಒಗ್ಗಲಿಲ್ಲ. ಅಕ್ಕ ಅವನ್ನೆಲ್ಲ ಹೊಸ ಹುಡುಗಿಗೆ ಬಿಟ್ಟುಕೊಟ್ಟರು. ಒಂದನ್ನೂ ಉಳಿಸಿಕೊಳ್ಳಲಿಲ್ಲ. ತಮಗಾಗಿ ಬೇರೆ ಹಾಡು ಹುಡುಕತೊಡಗಿದರು. ತವರಿಗೆ ಹೋಗಿ, ಕುರಿಗಳು ರೊಪ್ಪಕ್ಕೆ ಬಂದು ಮಲಗುವ ಹೊತ್ತಿಗೆ ತಾಯಿ ಹಾಡುತ್ತಿದ್ದ ಪದಗಳನ್ನು ಕೇಳಿಕೊಂಡು ಬಂದರು. ತುರುವನೂರಿನ ಹೆಂಗಸರಿಂದ ಬೀಸುವ ಪದ, ಸೋಬಾನೆ ಪದಗಳನ್ನು ಕಲಿತರು. ಅವಕ್ಕೆ ನಾನು ತೆಳ್ಳಗೆ ಸ್ವರ ಹಿಡಿದರೆ ಸಾಕಾಗಿತ್ತು. ಯಜಮಾನರು ಡ್ರಮ್ಸ್ ಕಡ್ಡಿ ಬದಿಗಿಟ್ಟು ಅಂಗೈಯಲ್ಲಿ ತಾಳ ಹಾಕುವುದನ್ನು ಕಲಿತರು. ಆ ವಯಸ್ಸಿನಲ್ಲಿ ಅವರಿಗೆ ಅದು ಕಷ್ಟವಾಯಿತು.

ಹೊಳಲ್ಕೆರೆಯ ಒಂದು ಮದುವೆಯಲ್ಲಿ ಮೊದಲ ಸಲ ಈ ಹಾಡುಗಳನ್ನು ಹಾಡಲು ನಿಂತರು. ಸಿನಿಮಾ ಹಾಡಿಗೆ ಕಾದಿದ್ದ ಜನ. ಮೊದಲ ಸಾಲಿಗೇ ಹಿಂದಿನಿಂದ ಒಬ್ಬ ಎದ್ದು, "ಮುಂಚೆ ಮ್ಯಾಲೆ ಹಾಡ್ತಿದ್ರಲ್ಲ, ಆಯಮ್ಮ ಎಲ್ರಿ?" ಎಂದು ಕೂಗಿದ. ನನ್ನ ಕೈ ಮತ್ತೆ ತಣ್ಣಗಾಯಿತು. ಅಕ್ಕ ಹಾಡು ನಿಲ್ಲಿಸಿದರು.

"ಆಯಮ್ಮ ಬಂದಿಲ್ಲಪ್ಪ. ನಾನು ಆಯಮ್ಮನ ಅಕ್ಕ. ನಾನು ಹಾಡ್ತೀನಿ, ಕುಂತ್ಕಂಡು ಕೇಳು. ಹಿಡಿಸ್ಲಿಲ್ಲ ಅಂದ್ರೆ ಮುಂದಿನ ಸಲ ತಂಗೀನೇ ಕಳಿಸ್ತೀನಿ."

ಜನ ನಕ್ಕರು, ಅವನೂ ನಕ್ಕು ಕುಳಿತ. ಅಕ್ಕ ಮತ್ತೆ ಹಾಡಿದರು. ಮಗಳನ್ನು ಒಪ್ಪಿಸಿಕೊಡುವ ಪದ ಅದು. ಎರಡನೆಯ ನುಡಿಗೆ ಹೆಂಗಸರ ಸಾಲು ಸದ್ದಿಲ್ಲದೆ ಕೂತಿತು. ಮೂರನೆಯದಕ್ಕೆ ಅಲ್ಲೊಂದು ಇಲ್ಲೊಂದು ದನಿ ಸೇರಿಕೊಂಡಿತು. ಮುಗಿಯುವ ಹೊತ್ತಿಗೆ ಮದುಮಗಳ ತಂದೆ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಕೂಗಿದವನು ಮೊಬೈಲ್ ಎತ್ತಿ ಹಿಡಿದಿದ್ದ. ಅವನು ಹಾಕಿದ ಆ ವಿಡಿಯೋ ಎಲ್ಲೆಲ್ಲಿಗೋ ಹೋಯಿತು. ಅಕ್ಕನ ಎರಡನೆಯ ಹಾಡಿಕೆ ಮೊದಲನೆಯದಕ್ಕಿಂತ ದೊಡ್ಡದಾಯಿತು. ಮೈಸೂರು, ಹುಬ್ಬಳ್ಳಿ, ಮುಂಬಯಿ ಕನ್ನಡಿಗರ ಸಂಘ ಎಲ್ಲವೂ ಆಮೇಲಿನವು. ಎಲ್ಲಿಗೆ ಹೋದರೂ ಗಂಡ ಜೊತೆಗಿರುತ್ತಿದ್ದರು. ಸಣ್ಣ ಸ್ಪೀಕರ್‌ಗಳ ಹಿಂದೆ ನಿದ್ದೆ ಸರಿಯಾಗಿ ಬರುವುದಿಲ್ಲವೆಂದು ಅವರ ದೂರು.

ನಾನೀಗ ಚಿತ್ರದುರ್ಗದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಸಂಗೀತದಲ್ಲಿ ಮುಂದೆ ಬರಬೇಕಾದರೆ ಏನು ಬೇಕು ಸಾರ್, ಎಂದು ತಂದೆತಾಯಿ ಕೇಳುತ್ತಾರೆ. ಒಳ್ಳೆಯ ಕಂಠ, ಒಳ್ಳೆಯ ಗುರು, ಅಭ್ಯಾಸ ಎಂದು ಹೇಳಿ ಕಳಿಸುವುದು ಸುಲಭ. ನನಗಿಂತ ಚೆನ್ನಾಗಿ ಸ್ವರ ಬಲ್ಲವರು, ಅಕ್ಕನಿಗಿಂತ ಇಂಪಾಗಿ ಹಾಡುತ್ತಿದ್ದವರು ನಮ್ಮ ಜಿಲ್ಲೆಯಲ್ಲೇ ಇದ್ದರು. ಒಬ್ಬರು ಮೈಕು ಸರಿಯಿಲ್ಲವೆಂದು ಮುನಿಸಿಕೊಂಡು ಹಾಡುವುದನ್ನೇ ಬಿಟ್ಟರು, ಒಬ್ಬರು ಒಂದು ಟೀಕೆಗೆ ಬಾಗಿಲು ಹಾಕಿಕೊಂಡರು. ಅಕ್ಕನಿಗೂ ನೋವಾಗುತ್ತಿತ್ತು, ಮೆಟ್ಟಿಲ ಮೇಲೆ ಕುಳಿತದ್ದನ್ನು ನಾನು ನೋಡಿದ್ದೇನೆ. ಅವರು ಎದ್ದು ಒಳಗೆ ಬಂದರು. ಇಷ್ಟನ್ನು ಮಕ್ಕಳಿಗೆ ಹೇಗೆ ಕಲಿಸಬೇಕೋ ನನಗಿನ್ನೂ ತಿಳಿದಿಲ್ಲ. ಆದ್ದರಿಂದ ಅಕ್ಕನ ಕತೆಗಳನ್ನೇ ಹೇಳುತ್ತೇನೆ.

ಅವರ ಕೊನೆಯ ಕಾರ್ಯಕ್ರಮ ಹೊಸದುರ್ಗದ ಒಂದು ಮದುವೆ. ಮಧ್ಯಾಹ್ನದ ಹೊತ್ತು. ಅದು ಕೊನೆಯದೆಂದು ಮದುವೆಯವರಿಗೆ ಹೇಳಬಾರದೆಂದು ನಮಗೆ ತಾಕೀತು ಮಾಡಿದ್ದರು. ಹೇಳಿದರೆ ಮದುಮಕ್ಕಳನ್ನು ಬಿಟ್ಟು ತಮ್ಮನ್ನು ನೋಡುತ್ತಾರೆಂದು. ಎಂದಿನಂತೆ ಹಾಡಿದರು. ಕೊನೆಯ ಹಾಡಿಗೆ ಮುನ್ನ ನೀರು ಕುಡಿಯುತ್ತಿದ್ದಾಗ ಮದುಮಗಳ ಅಜ್ಜಿ ಮೊಮ್ಮಗನ ಕೈಹಿಡಿದುಕೊಂಡು ವೇದಿಕೆ ಹತ್ತಿದರು.

"ನಂಗೂ ಒಂದು ಪದ ಬರ್ತೈತೆ. ನಮ್ಮವ್ವ ಹೇಳ್ಕೊಟ್ಟಿದ್ದು. ಇದರಾಗೆ ಯಾವತ್ತೂ ಹೇಳಿಲ್ಲ" ಅಂದರು, ಮೈಕಿನ ಕಡೆ ಬೆರಳು ತೋರಿಸಿ.

"ಇವತ್ತು ಹೇಳ್ರಿ ಅವ್ವಾ. ಬರ್ರಿ, ಹಿಂಗೆ ಕುಂತ್ಕಳ್ರಿ."

ಅಕ್ಕ ತಮ್ಮ ಕುರ್ಚಿ ಕೊಟ್ಟು, ಪಕ್ಕದಲ್ಲಿ ಮಂಡಿಯೂರಿ ಕುಳಿತು ಅಜ್ಜಿಯ ಬಾಯಿಗೆ ಮೈಕು ಹಿಡಿದರು. ಅಜ್ಜಿ ಶುರುಮಾಡಿದರು. ದನಿ ನಡುಗುತ್ತಿತ್ತು, ಶ್ರುತಿ ಒಂದೊಂದು ಸಾಲಿಗೆ ಒಂದೊಂದು ಕಡೆ. ಅಕ್ಕ ನನ್ನ ಕಡೆ ತಿರುಗಿ, "ಹುಡುಕು, ಹುಡುಕು. ಅವರ ಹಿಂದೆ ಹೋಗು" ಅಂದರು. ನಾನು ಮನೆಯಿಂದ ಮನೆಗೆ ಅಜ್ಜಿಯನ್ನು ಹಿಂಬಾಲಿಸಿದೆ. ಪದ ಬಹಳ ಉದ್ದವಿತ್ತು. ಅಜ್ಜಿ ಒಂದು ನುಡಿಯನ್ನೂ ಬಿಡಲಿಲ್ಲ. ಪ್ರತಿ ನುಡಿಯ ಕೊನೆಗೆ ಬರುವ ಸೊಲ್ಲನ್ನು ಅಕ್ಕ ಮೈಕಿಗೆ ಬಾಯಿ ತಾಗಿಸದೆ, ಅಜ್ಜಿಗಷ್ಟೇ ಕೇಳುವ ಹಾಗೆ ಹಿಡಿದು ಹಾಡಿದರು. ಅವರ ಕೊನೆಯ ವೇದಿಕೆಯ ಕೊನೆಯ ಹಾಡು ಅದೇ ಆಯಿತು.

ಚಪ್ಪಾಳೆ ಮುಗಿದು, ಸ್ಪೀಕರು ತಂತಿಗಳನ್ನೆಲ್ಲ ಟೆಂಪೋಗೆ ತುಂಬಿದೆವು. ಯಜಮಾನರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಅಕ್ಕ ಸೀಟಿನಲ್ಲಿ ಕುಳಿತವರು ಥಟ್ಟನೆ ನನ್ನ ಕಡೆ ತಿರುಗಿದರು.

"ಆ ಅಜ್ಜಿ ಮೂರನೇ ನುಡಿ ಆದ ಮ್ಯಾಲೆ ಧಾಟಿ ಬದಲಾಯಿಸಿದ್ರು, ಗಮನಿಸಿದ್ಯಾ? ಆ ಧಾಟಿ ನಂಗೆ ಗೊತ್ತೇ ಇರಲಿಲ್ಲ."

"ಹಾಡೋದು ನಿಲ್ಸಿದ್ರಲ್ಲ ಅಕ್ಕಾ, ಈಗ್ಯಾಕೆ?"

"ನಿಲ್ಸಿದ್ರೆ? ಗೊತ್ತಿಲ್ಲ ಅಂದ್ರೆ ಕಲೀಬಾರ್ದಾ?"

ಹೇಳುತ್ತಲೇ ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಜ್ಜಿ ಹೊರಟುಹೋದಾರೆಂಬ ಆತುರದಲ್ಲಿ ಮಂಟಪದ ಕಡೆ ಹೆಚ್ಚುಕಡಿಮೆ ಓಡುತ್ತಾ ಹೋದರು. ಡ್ರೈವರ್ ಅವರನ್ನೇ ನೋಡಿದ, ನಮ್ಮ ಮುಖ ನೋಡಿದ, ಎಂಜಿನ್ ಆರಿಸಿ ಟೀ ಕುಡಿಯಲು ಇಳಿದ.